ಟೈಮಿಂಗ್ ಚೈನ್ ಸೌಂಡು: ಪದೇ ಪದೇ ಕೇಳೋ ಪ್ರಶ್ನೆಗಳು

ಬೈಕ್ ಇಂಜಿನ್ ಒಂದು ಪಕ್ಕದಿಂದ ಕಟಕಟ ಅಂತ ಶುರುವಾದ್ರೆ ಸಾಕು, ನೋಡಿದವರೆಲ್ಲ ಒಂದೊಂದು ಹೇಳ್ತಾರೆ. ಒಬ್ಬರು ಟ್ಯಾಪೆಟ್ (ವಾಲ್ವ್ ಒತ್ತೋ ಭಾಗ) ಅಂತಾರೆ, ಇನ್ನೊಬ್ಬರು ಬೋರ್ (ಪಿಸ್ಟನ್ ಓಡೋ ಸಿಲಿಂಡರ್ ಒಳಗೋಡೆ) ಹೋಗಿದೆ ಅಂತಾರೆ, ಮೂರನೆಯವರು ಆಯಿಲ್ ಚೇಂಜ್ ಮಾಡಿಸಿ ಸರಿಹೋಗತ್ತೆ ಅಂತಾರೆ. ಪಾರ್ಟ್ ತರೋಕೆ ಓಡೋ ಮುಂಚೆ ಇದನ್ನ ಒಂದ್ಸಲ ಓದಿ. ಟೈಮಿಂಗ್ ಚೈನ್, ಕ್ಯಾಮ್ ಚೈನ್ ಎರಡೂ ಒಂದೇ, ಇಲ್ಲಿ ಹೆಚ್ಚಾಗಿ ಟೈಮಿಂಗ್ ಚೈನ್ ಅಂತಾನೇ ಬರೆದಿದೀನಿ.

ಟೈಮಿಂಗ್ ಚೈನ್ ಅಂದ್ರೆ ಹಿಂದಿನ ವೀಲ್ ತಿರುಗಿಸೋ ಚೈನಾ?

ಅಲ್ಲ. ಅದು ಡ್ರೈವ್ ಚೈನ್, ಹೊರಗಡೆ ಕಾಣತ್ತೆ. ಇದು ಇಂಜಿನ್ ಒಳಗೇ ಇರೋ ಸಣ್ಣ ಚೈನು. ಕೆಳಗೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸೋ ಶಾಫ್ಟ್) ಮೇಲಿರೋ ಚಿಕ್ಕ ಸ್ಪ್ರಾಕೆಟ್ಟಿಂದ ಮೇಲೆ ಹೆಡ್‌ನಲ್ಲಿರೋ ಕ್ಯಾಮ್ (ವಾಲ್ವ್ ತೆಗೆಯೋ ಶಾಫ್ಟ್) ಸ್ಪ್ರಾಕೆಟ್‌ವರೆಗೂ ಹೋಗತ್ತೆ. ಮೇಲಿನ ಸ್ಪ್ರಾಕೆಟ್‌ಗೆ ಕೆಳಗಿನದರ ಡಬಲ್ ಹಲ್ಲು ಇರೋದ್ರಿಂದ ಕ್ರ್ಯಾಂಕ್ 2 ಸುತ್ತು ಸುತ್ತಿದ್ರೆ ಕ್ಯಾಮ್ 1 ಸುತ್ತು ಸುತ್ತತ್ತೆ. ವಾಲ್ವ್ ಯಾವಾಗ ತೆಗೀಬೇಕು ಯಾವಾಗ ಮುಚ್ಚಬೇಕು ಅನ್ನೋದೆಲ್ಲ ಈ ಚೈನಿನ ಮೇಲೇ ನಿಂತಿದೆ. ಚೈನಿನ ಒಂದು ಪಕ್ಕ ಬಿಗಿಯಾಗಿ ಎಳೆದುಕೊಂಡಿರತ್ತೆ, ಅಲ್ಲಿ ಅಲುಗಾಡದ ಗೈಡ್ ಇರತ್ತೆ. ಇನ್ನೊಂದು ಪಕ್ಕ ಸಡಿಲ, ಅಲ್ಲಿ ಬಾಗೋ ಸ್ಲೈಡರ್ ಇರತ್ತೆ, ಆ ಸ್ಲೈಡರನ್ನ ಹೊರಗಿಂದ ಒತ್ತಿ ಹಿಡಿಯೋದೇ ಟೆನ್ಷನರ್.

ಎಲ್ಲಾ ಬೈಕಲ್ಲೂ ಇದು ಇರತ್ತಾ?

ಇಲ್ಲ. ಟೂ ಸ್ಟ್ರೋಕ್ ಗಾಡೀಲಿ ಕ್ಯಾಮೇ ಇಲ್ಲ, ಚೈನ್ ಎಲ್ಲಿಂದ ಬರಬೇಕು. ಹಳೇ ಎನ್‌ಫೀಲ್ಡ್ ಬುಲೆಟ್ ಥರ ಪುಶ್ ರಾಡ್ ಇಂಜಿನ್‌ನಲ್ಲಿ ಕ್ಯಾಮ್ ಕೆಳಗೇ ಇರತ್ತೆ, ಗೇರಲ್ಲೇ ತಿರುಗತ್ತೆ, ಅಲ್ಲಿ ಕಟಕಟ ಬಂದ್ರೆ ಕಥೆ ಬೇರೆ. ಡುಕಾಟಿಯ ಎಷ್ಟೋ ಮಾಡೆಲ್‌ನಲ್ಲಿ ಚೈನ್ ಬದಲು ಬೆಲ್ಟ್, ಹೋಂಡಾ ವಿಎಫ್ಆರ್ 750ರಲ್ಲಿ ಗೇರು, ಕವಾಸಕಿ ಡಬ್ಲ್ಯೂ 650ಯಲ್ಲಿ ಉದ್ದ ಶಾಫ್ಟ್ ಹಾಕಿ ಬೆವೆಲ್ ಗೇರ್ ಕೊಟ್ಟಿದಾರೆ. ಇವೆಲ್ಲ ಬಿಟ್ಟು ಕ್ಯಾಮ್ ಹೆಡ್ ಮೇಲಿರೋ ಮಾಮೂಲಿ ಫೋರ್ ಸ್ಟ್ರೋಕ್ ಬೈಕಾದ್ರೆ ಚೈನ್ ಇದೆ ಅಂತಾನೇ ಇಟ್ಕೊಳ್ಳಿ.

ಇದರ ಸೌಂಡು ಹೇಗಿರತ್ತೆ?

ಒಂದು ಡಬ್ಬಿಗೆ ನಾಲ್ಕು ನಟ್ಟು ಹಾಕಿ ಮೆಲ್ಲಗೆ ಅಲ್ಲಾಡಿಸಿದ ಹಾಗೆ. ಟ್ಯಾಪೆಟ್ ಥರ ಲೆಕ್ಕ ಹಾಕಿ ಬಡಿಯಲ್ಲ, ಒಂದು ಸಲ ಜಾಸ್ತಿ ಒಂದು ಸಲ ಕಮ್ಮಿ, ಚರಚರ ಕಟಕಟ ಎರಡೂ ಕಲೆಸಿದ ಹಾಗೆ ಬರತ್ತೆ. ಐಡ್ಲಿಂಗಲ್ಲಿ ಚೆನ್ನಾಗಿ ಕೇಳತ್ತೆ, ಸ್ವಲ್ಪ ರೇಸ್ ಕೊಟ್ರೆ ಮಾಯ, ಆಕ್ಸಿಲರೇಟರ್ ಬಿಟ್ಟು ಆರ್‌ಪಿಎಂ ಕೆಳಗೆ ಇಳೀತಾ ಬರೋವಾಗ ಮತ್ತೆ ಜಲ್ ಅಂತ ಒಂದು ಸಲ ಕೇಳಿ ಸುಮ್ಮನಾಗತ್ತೆ. ಈ ಇಳಿಯೋವಾಗಿನ ಸೌಂಡನ್ನ ನಾನು ತುಂಬಾ ನಂಬ್ತೀನಿ.

ಟ್ಯಾಪೆಟ್ಟಾ, ಟೈಮಿಂಗ್ ಚೈನಾ, ಪಿಸ್ಟನ್ನಾ, ಕ್ಲಚ್ಚಾ? ಹೇಗೆ ಗೊತ್ತು ಮಾಡ್ಕೊಳ್ಳೋದು?

ಇದೇ ಅಸಲಿ ಪ್ರಶ್ನೆ. ಬಿಚ್ಚೋ ಕೆಲಸ ಆಮೇಲೆ, ಕೇಳೋ ಕೆಲಸ ಮೊದಲು.

ಒಂದು ಉದ್ದನೆ ಸ್ಕ್ರೂ ಡ್ರೈವರ್ ತಗೊಳ್ಳಿ, ತುದಿನ ಇಂಜಿನ್ ಮೇಲೆ ಒತ್ತಿ ಹಿಡಿದು ಹಿಡಿ ಕಡೆ ಕಿವಿ ಹತ್ರ ಇಟ್ಕೊಳ್ಳಿ (ಫ್ಯಾನ್, ಡ್ರೈವ್ ಚೈನ್, ಬಿಸಿ ಸೈಲೆನ್ಸರ್ ಇವುಗಳಿಂದ ದೂರ, ಉದ್ದ ಕೂದಲಿದ್ರೆ ಕಟ್ಕೊಳ್ಳಿ). ಮೆಕ್ಯಾನಿಕ್ ಸ್ಟೆತಸ್ಕೋಪ್ ಇದ್ರೆ ಇನ್ನೂ ಒಳ್ಳೇದು. ಮೊದಲು ಹೆಡ್ ಕವರ್ ಮೇಲೆ, ಆಮೇಲೆ ಸಿಲಿಂಡರಿನ ಎರಡೂ ಪಕ್ಕ, ಟೆನ್ಷನರ್ ಬಾಡಿ ಮೇಲೆ, ಮ್ಯಾಗ್ನೆಟ್ (ಕ್ರ್ಯಾಂಕ್ ತುದೀಲಿ ಕರೆಂಟ್ ಹುಟ್ಟಿಸೋ ಚಕ್ರ) ಕವರ್ ಮೇಲೆ, ಕ್ಲಚ್ ಕವರ್ ಮೇಲೆ ಹೀಗೆ ಒಂದೊಂದೇ ಕಡೆ ಇಟ್ಟು ಕೇಳಿ. ಸಿಂಗಲ್ ಸಿಲಿಂಡರ್ ಆದ್ರೆ ಚೈನ್ ಇರೋ ಪಕ್ಕ ಒಂದೇ, ಸಿಲಿಂಡರ್ ನೋಡಿದ್ರೆ ಆ ಕಡೆ ಸ್ವಲ್ಪ ಅಗಲವಾಗಿರತ್ತೆ. ನಾಲ್ಕು ಸಿಲಿಂಡರ್ ಗಾಡಿಗಳಲ್ಲಿ ಕೆಲವಕ್ಕೆ ಮಧ್ಯದಲ್ಲಿ, ಕೆಲವಕ್ಕೆ ಒಂದು ತುದೀಲಿ. ಆ ಪಕ್ಕದಲ್ಲಿ ಜೋರು, ಎದುರು ಪಕ್ಕದಲ್ಲಿ ಸಪ್ಪೆ ಅಂದ್ರೆ ಅನುಮಾನ ಚೈನಿನ ಮೇಲೆ.

ಟ್ಯಾಪೆಟ್ ಸೌಂಡು ಟಿಕ್ ಟಿಕ್ ಅಂತ ಗಡಿಯಾರದ ಹಾಗೆ ಒಂದೇ ಲಯ. 1,200 ಆರ್‌ಪಿಎಂನಲ್ಲಿ ಕ್ಯಾಮ್ ನಿಮಿಷಕ್ಕೆ 600 ಸುತ್ತು, ಅಂದ್ರೆ ಒಂದು ವಾಲ್ವಿಗೆ ಸೆಕೆಂಡಿಗೆ 10 ಟಿಕ್. ರೇಸ್ ಕೊಟ್ರೆ ಮಾಯ ಆಗಲ್ಲ, ಅಷ್ಟೇ ಫಾಸ್ಟಾಗತ್ತೆ. ಹೆಡ್ ಕವರ್ ಮೇಲೇ ಜೋರಾಗಿ ಕೇಳತ್ತೆ.

ಪಿಸ್ಟನ್ ಸ್ಲ್ಯಾಪ್ ಆದ್ರೆ ಇಂಜಿನ್ ತಣ್ಣಗಿದ್ದಾಗ ಡಬ್ ಡಬ್ ಅಂತ ಪೊಳ್ಳು ಸೌಂಡು, ಬಿಸಿ ಆದ್ಮೇಲೆ ಕಮ್ಮಿ. ಕ್ಲಚ್ ಆದ್ರೆ ಪತ್ತೆ ಹಚ್ಚೋದು ಬಹಳ ಸುಲಭ, ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಹಿಡೀರಿ, ಸೌಂಡ್ ಬದಲಾದ್ರೆ ಕ್ಲಚ್ ಬಾಸ್ಕೆಟ್ ಅಥವಾ ಗೇರ್ ಬಾಕ್ಸ್ ಕಡೆ ನೋಡಬೇಕು, ಟೈಮಿಂಗ್ ಚೈನಿಗೂ ಕ್ಲಚ್ ಲಿವರಿಗೂ ಸಂಬಂಧ ಇಲ್ಲ. ಕೆಳಗಿಂದ ದಪ್ಪ ಖಟ್ ಖಟ್ ಬಂದು, ಲೋಡ್ ಬಿದ್ದಾಗ ಜೋರಾದ್ರೆ ಕನೆಕ್ಟಿಂಗ್ ರಾಡ್ ಬೇರಿಂಗ್ ಇರಬಹುದು, ಆವಾಗ ತಕ್ಷಣ ಇಂಜಿನ್ ಆಫ್ ಮಾಡಿ, ತಳ್ಕೊಂಡೇ ಹೋಗಿ.

ಇನ್ನು ಎಕ್ಸಾಸ್ಟ್ ಲೀಕು. ಹೆಡ್ಡಿಗೆ ಸೈಲೆನ್ಸರ್ ಪೈಪ್ ಸೇರೋ ಕಡೆ ಪ್ಯಾಕಿಂಗ್ ಹೋದ್ರೆ ಥೇಟ್ ಟ್ಯಾಪೆಟ್ ಹಾಗೇ ಟಿಕ್ ಟಿಕ್ ಅನ್ನತ್ತೆ, ಅಲ್ಲಿ ಕಪ್ಪು ಮಸಿ ಹಿಡಿದಿದ್ಯಾ ನೋಡಿ. ನನ್ನ ಫ್ರೆಂಡ್ ಒಬ್ಬ ಎರಡು ತಿಂಗಳು ಟೈಮಿಂಗ್ ಚೈನ್ ಟೈಮಿಂಗ್ ಚೈನ್ ಅಂತ ತಲೆ ತಿಂದ, ಕೊನೆಗೆ ನೋಡಿದ್ರೆ ಸೈಲೆನ್ಸರ್ ಮೇಲಿನ ಹೀಟ್ ಶೀಲ್ಡ್ ಸ್ಕ್ರೂ ಒಂದು ಬಿದ್ದೋಗಿತ್ತು, ಬೆರಳಲ್ಲಿ ಒತ್ತಿ ಹಿಡಿದ್ರೆ ಇಂಜಿನ್ ಹೊಸದರ ಹಾಗೆ ಸುಮ್ಮನಾಯ್ತು (ಬೆರಳು ಸುಟ್ಟಿದ್ದು ಬೇರೆ ವಿಷಯ).

ಐಡ್ಲಿಂಗಲ್ಲಿ ಮಾತ್ರ ಯಾಕೆ ಬರತ್ತೆ?

ಕಮ್ಮಿ ಆರ್‌ಪಿಎಂನಲ್ಲಿ ಇಂಜಿನ್ ಸಮನಾಗಿ ತಿರುಗಲ್ಲ. ಫೈರ್ ಆದಾಗ ಕ್ರ್ಯಾಂಕ್ ಜಗ್ಗಿ ಮುಂದೆ ಹೋಗತ್ತೆ, ಕಂಪ್ರೆಷನ್ ಬಂದಾಗ ನಿಧಾನ ಆಗತ್ತೆ. ಜೊತೆಗೆ ಕ್ಯಾಮ್ ಕೂಡ ಸುಮ್ಮನಿರಲ್ಲ: ವಾಲ್ವ್ ತೆಗೆಯೋವಾಗ ಸ್ಪ್ರಿಂಗು ಕ್ಯಾಮನ್ನ ತಡೆಯತ್ತೆ, ಮುಚ್ಚೋವಾಗ ಅದೇ ಸ್ಪ್ರಿಂಗು ಕ್ಯಾಮನ್ನ ಮುಂದಕ್ಕೆ ತಳ್ಳತ್ತೆ. ಹೀಗೆ ಆ ಕಡೆ ಈ ಕಡೆ ಎಳೆದಾಡಿದಾಗ ಸಡಿಲ ಇರೋ ಚೈನು ಗೈಡಿಗೂ ತಾನು ಓಡೋ ಟನಲ್ ಗೋಡೆಗೂ ಬಡೀತಾ ಇರತ್ತೆ. ಆರ್‌ಪಿಎಂ ಏರಿದ್ರೆ ಎಳೆತ ಸಮ ಆಗತ್ತೆ, ಸೌಂಡ್ ಹೋಗತ್ತೆ. ಹೋಯ್ತು ಅಂದ್ರೆ ಸರಿಹೋಯ್ತು ಅಂತ ಅಲ್ಲ. ಹೈವೇಲಿ ಸೌಂಡೇ ಇಲ್ಲ ಅಂತ ಖುಷಿ ಪಡೋದು ಬೇಡ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಸೆಕೆಂಡ್ ಬಂದು ನಿಲ್ಲತ್ತೆ, ಪ್ರಾಬ್ಲಮ್ಮಾ?

ಹೈಡ್ರಾಲಿಕ್ ಟೆನ್ಷನರ್ ಇರೋ ಗಾಡಿಗೆ ಅದು ಮಾಮೂಲು. ರಾತ್ರಿಯೆಲ್ಲ ನಿಂತಾಗ ಅದರೊಳಗಿನ ಆಯಿಲ್ ಇಳಿದುಹೋಗಿರತ್ತೆ, ಪ್ರೆಶರ್ ಬರೋವರೆಗೂ ಚೈನ್ ಸಡಿಲ. ಎರಡು ಮೂರು ಸೆಕೆಂಡ್ ಓಕೆ. ಅದೇ ಹತ್ತು ಸೆಕೆಂಡ್, ಅರ್ಧ ನಿಮಿಷ ಅಂತ ದಿನದಿನಕ್ಕೂ ಬೆಳೀತಿದ್ರೆ ಓಕೆ ಅಲ್ಲ. ಮೊದಲು ಆಯಿಲ್ ಲೆವೆಲ್ ನೋಡಿ, ಎಷ್ಟೋ ಸಲ ಇಲ್ಲೇ ಉತ್ತರ ಸಿಗತ್ತೆ.

ಕಬ್ಬಿಣದ ಚೈನು ನಿಜವಾಗ್ಲೂ ಎಳೆದು ಉದ್ದ ಆಗತ್ತಾ?

ಎಲ್ಲರೂ ಚೈನ್ ಎಳೆದಿದೆ ಅಂತಾರೆ, ಆದ್ರೆ ಪ್ಲೇಟ್ ಏನೂ ರಬ್ಬರ್ ಹಾಗೆ ಎಳೆಯಲ್ಲ. ಒಳಗಿನ ಪಿನ್ನು ಬುಶ್ಶು ಸವೆಯತ್ತೆ. ಒಂದು ಜಾಯಿಂಟಲ್ಲಿ 0.02 ಮಿಲಿಮೀಟರ್ ಸವೆದ್ರೂ 100 ಜಾಯಿಂಟಿಗೆ 2 ಮಿಲಿಮೀಟರ್ ಆಯ್ತು. ಹಳೇ ಕೊಳಕು ಆಯಿಲ್‌ನಲ್ಲಿರೋ ಮಸಿ, ಸಣ್ಣ ಪುಡಿ ಎಲ್ಲ ಪಿನ್ನಿನ ಮಧ್ಯೆ ಹೋಗಿ ಮರಳು ಕಾಗದದ ಹಾಗೆ ಉಜ್ಜತ್ತೆ. ಆಯಿಲ್ ಟೈಮಿಗೆ ಸರಿಯಾಗಿ ಬದಲಾಯಿಸಿದ ಗಾಡೀಲಿ ಇದೇ ಚೈನ್ ಬಹಳ ವರ್ಷ ಬರತ್ತೆ.

ಉದ್ದ ಆದ್ರೆ ಬರೀ ಸೌಂಡಲ್ಲ, ಕ್ಯಾಮ್ ಸ್ವಲ್ಪ ಹಿಂದೆ ಬೀಳತ್ತೆ, ವಾಲ್ವ್ ಲೇಟಾಗಿ ತೆಗೆಯತ್ತೆ, ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಮಂಕಾಗತ್ತೆ. ಟಿಡಿಸಿಯಲ್ಲಿಟ್ಟು (ಪಿಸ್ಟನ್ ಪೂರ್ತಿ ಮೇಲೆ ಬಂದು ನಿಲ್ಲೋ ಜಾಗ) ನೋಡಿದಾಗ ಕ್ಯಾಮ್ ಸ್ಪ್ರಾಕೆಟ್ ಮಾರ್ಕು ಅರ್ಧ ಹಲ್ಲಿನಷ್ಟು ಸರಿದಿದ್ರೆ ಇದೇ ಕಾರಣ.

ಟೆನ್ಷನರ್ ಎಷ್ಟು ಥರ ಇದೆ?

ಮುಖ್ಯವಾಗಿ ನಾಲ್ಕು. ಹಳೇ ಗಾಡಿಗಳಲ್ಲಿ ಲಾಕ್ ಬೋಲ್ಟ್ ಇರೋದು, ಬೋಲ್ಟ್ ಸಡಿಲ ಮಾಡಿದ್ರೆ ಒಳಗಿನ ಸ್ಪ್ರಿಂಗ್ ತಾನೇ ಒತ್ತಿಕೊಳ್ಳತ್ತೆ, ಮತ್ತೆ ಟೈಟ್ ಮಾಡೋದು, ಇದನ್ನ ಸರ್ವಿಸಿಗೊಂದು ಸಲ ನಾವೇ ಮಾಡಬೇಕು. ಎರಡನೇದು ಹಲ್ಲಿರೋ ಪ್ಲಂಜರ್ (ಸ್ಲೈಡರನ್ನ ಒತ್ತೋ ಕಡ್ಡಿ) ಟೈಪು, ಕಟ್ ಕಟ್ ಅಂತ ಒಂದೊಂದೇ ಹಲ್ಲು ಮುಂದೆ ಹೋಗತ್ತೆ, ವಾಪಸ್ ಬರಲ್ಲ. ಮೂರನೇದು ಒಳಗೆ ಸುರುಳಿ ಸ್ಪ್ರಿಂಗು ಸ್ಕ್ರೂ ಇರೋದು, ಹಿಂದಿನ ಸಣ್ಣ ಬೋಲ್ಟ್ ತೆಗೆದು ಚಿಕ್ಕ ಸ್ಕ್ರೂ ಡ್ರೈವರ್ ಹಾಕಿ ತಿರುಗಿಸಿದ್ರೆ ಪ್ಲಂಜರ್ ಒಳಗೆ ಹೋಗತ್ತೆ. ನಾಲ್ಕನೇದು ಆಯಿಲ್ ಪ್ರೆಶರಲ್ಲಿ ಕೆಲಸ ಮಾಡೋ ಹೈಡ್ರಾಲಿಕ್. ನಿಮ್ಮದು ಯಾವ್ದು ಅಂತ ಸರ್ವಿಸ್ ಮ್ಯಾನುವಲ್ ನೋಡಿ ಖಚಿತ ಮಾಡ್ಕೊಂಡೇ ಸ್ಪಾನರ್ ಹಿಡೀರಿ.

ಟೆನ್ಷನರ್‌ನ ಎರಡು ಬೋಲ್ಟ್ ಸ್ವಲ್ಪ ಸಡಿಲ ಮಾಡಿ ಮತ್ತೆ ಟೈಟ್ ಮಾಡಿದ್ರೆ ಸೌಂಡ್ ಹೋಗತ್ತಂತೆ, ಹೌದಾ?

ದಯವಿಟ್ಟು ಮಾಡಬೇಡಿ. ಈ ಒಂದು ಉತ್ತರಕ್ಕೋಸ್ಕರವೇ ಇಷ್ಟೆಲ್ಲ ಬರೆದೆ ಅಂದ್ರೂ ತಪ್ಪಿಲ್ಲ.

ಹಲ್ಲಿರೋ ಟೆನ್ಷನರ್ ಒನ್ ವೇ ರಸ್ತೆ ಇದ್ದ ಹಾಗೆ. ಬಾಡಿ ಹಿಡಿದಿರೋ ಎರಡು ಬೋಲ್ಟ್ ಎರಡು ಮೂರು ಮಿಲಿಮೀಟರ್ ಸಡಿಲ ಮಾಡಿದ್ರೆ ಬಾಡಿ ಹಿಂದೆ ಬರತ್ತೆ, ಪ್ಲಂಜರ್ ಆ ಗ್ಯಾಪ್ ನೋಡಿ ತಕ್ಷಣ ಒಂದೋ ಎರಡೋ ಹಲ್ಲು ಮುಂದೆ ಹೋಗಿ ಲಾಕ್ ಆಗತ್ತೆ. ಈಗ ನೀವು ಬೋಲ್ಟ್ ಟೈಟ್ ಮಾಡಿದ್ರೆ ಪ್ಲಂಜರ್ ವಾಪಸ್ ಹೋಗಲ್ಲ, ಬೋಲ್ಟಿನ ಬಲವೆಲ್ಲ ಸ್ಲೈಡರ್ ಮೇಲೆ, ಚೈನ್ ಮೇಲೆ ಬೀಳತ್ತೆ. ಸೌಂಡ್ ಹೋಗತ್ತೆ ನಿಜ, ಚೈನು ವೀಣೆ ತಂತಿ ಹಾಗೆ ಬಿಗಿಯಾಗಿರತ್ತೆ.

ನಾನೇ ಮಾಡಿದ ತಪ್ಪು ಇದು. ಲೀಕ್ ಎಲ್ಲಿಂದ ಅಂತ ನೋಡೋಕೆ ಬೋಲ್ಟ್ ಸಡಿಲ ಮಾಡಿದೆ, ಒಳಗೆ ಕಟ್ ಅಂತು, ಏನೋ ಅಂದ್ಕೊಂಡು ಟೈಟ್ ಮಾಡಿದೆ. ಟೈಟ್ ಮಾಡೋವಾಗ ಕೈಗೆ ಗೊತ್ತಾಗ್ತಿತ್ತು, ಕೊನೇ ಎರಡು ಸುತ್ತು ಮಾಮೂಲಿಗಿಂತ ಗಟ್ಟಿ. ಸ್ಟಾರ್ಟ್ ಮಾಡಿದ್ರೆ ಕಟಕಟ ಹೋಗಿ ಕುಂಯ್ ಅಂತ ಸಣ್ಣ ಅಳು. ನಾಲ್ಕು ದಿನ ಹಾಗೇ ಓಡಿಸಿದೆ, ಆಯಿಲ್ ತೆಗೆದಾಗ ಜಾಲರಿ ಮೇಲೆ ಉಗುರಿನ ಚೂರಿನ ಹಾಗೆ ಕಪ್ಪು ಪ್ಲಾಸ್ಟಿಕ್ ತುಂಡುಗಳು. ಸ್ಲೈಡರ್ ಮೇಲ್ಮೈ ಕಿತ್ತು ಬಂದಿತ್ತು.

ಬೋಲ್ಟ್ ಮುಟ್ಟಿದ್ರೆ ಪೂರ್ತಿ ಬಿಚ್ಚಿ, ಪ್ಲಂಜರ್ ಒಳಗೆ ತಳ್ಳಿ ರೀಸೆಟ್ ಮಾಡಿಯೇ ಹಾಕಬೇಕು. ಮಧ್ಯದ ದಾರಿ ಇಲ್ಲ.

ಹಾಗಾದ್ರೆ ಸರಿಯಾಗಿ ಬಿಚ್ಚಿ ಹಾಕೋದು ಹೇಗೆ?

ಇಂಜಿನ್ ತಣ್ಣಗಿರಲಿ. ಸ್ಪಾರ್ಕ್ ಪ್ಲಗ್ ತೆಗೆದ್ರೆ ಕ್ರ್ಯಾಂಕ್ ಕೈಯಲ್ಲಿ ತಿರುಗಿಸೋದು ಹಗುರ. ಮ್ಯಾಗ್ನೆಟ್ ಕವರಲ್ಲಿರೋ ಎರಡು ಕ್ಯಾಪ್ ತೆಗೆದು, ಇಂಜಿನ್ ಓಡೋ ದಿಕ್ಕಿಗೇ ತಿರುಗಿಸಿ ಟಿ ಮಾರ್ಕ್ ಕಿಂಡಿಯ ಗೀಟಿಗೆ ತನ್ನಿ. ಅದು ಕಂಪ್ರೆಷನ್ ಟಿಡಿಸಿ ಆಗಿರಬೇಕು. ರಾಕರ್ (ಕ್ಯಾಮ್ ತಳ್ಳಿದಾಗ ವಾಲ್ವ್ ಒತ್ತೋ ತೋಳು) ಇರೋ ಇಂಜಿನ್ ಆದ್ರೆ ಇನ್‌ಲೆಟ್ ಎಕ್ಸಾಸ್ಟ್ ಎರಡೂ ರಾಕರ್ ಕೈಯಲ್ಲಿ ಅಲ್ಲಾಡಬೇಕು, ಅಲ್ಲಾಡದಿದ್ರೆ ಇನ್ನೊಂದು ಸುತ್ತು ತಿರುಗಿಸಿ.

ಈಗ ಟೆನ್ಷನರ್ ಹಿಂದಿನ ಮಧ್ಯದ ಬೋಲ್ಟನ್ನ ಮೊದಲು ತೆಗೀರಿ, ಕೆಲವದರಲ್ಲಿ ಅದರ ಹಿಂದೆ ಸ್ಪ್ರಿಂಗ್ ಇರತ್ತೆ, ಹಾರಿ ಹೋಗದಂತೆ ಬೆರಳು ಇಟ್ಕೊಳ್ಳಿ, ಜೊತೆಗಿರೋ ವಾಶರ್ ಕಳೀಬೇಡಿ. ಆಮೇಲೆ ಎರಡು ಬೋಲ್ಟ್ ಬಿಚ್ಚಿ ಬಾಡಿ ಹೊರಗೆ. ಟೆನ್ಷನರ್ ಹೊರಗಿರೋವಾಗ ಕ್ರ್ಯಾಂಕನ್ನ ತಿರುಗಿಸಲೇಬೇಡಿ, ಕಿಕ್ಕರ್‌ಗೆ ಕಾಲು ತಾಗೋದೂ ಬೇಡ, ಗೇರಲ್ಲಿ ಹಾಕಿ ಗಾಡಿ ತಳ್ಳೋದಂತೂ ಬೇಡವೇ ಬೇಡ. ಸಡಿಲ ಚೈನು ಒಂದು ಹಲ್ಲು ಹಾರಿದ್ರೆ ಏನಾಗತ್ತೆ ಲೆಕ್ಕ ಹಾಕಿ: ಕ್ಯಾಮ್ ಸ್ಪ್ರಾಕೆಟ್ಟಿಗೆ 34 ಹಲ್ಲಿದ್ರೆ ಒಂದು ಹಲ್ಲು ಅಂದ್ರೆ ಕ್ಯಾಮಲ್ಲಿ 10.6 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 21 ಡಿಗ್ರಿ. ಒಂದು ಹಲ್ಲಿಗೆ ಗಾಡಿ ಸ್ಟಾರ್ಟ್ ಆಗೋಕೆ ಒದ್ದಾಡತ್ತೆ, ಇನ್ನೂ ಜಾಸ್ತಿ ಹಾರಿದ್ರೆ ವಾಲ್ವಿಗೂ ಪಿಸ್ಟನ್ನಿಗೂ ಡಿಕ್ಕಿ.

ಹಾಕೋವಾಗ ಪ್ಲಂಜರ್ ಪೂರ್ತಿ ಒಳಗೆ ತಳ್ಳಿ ಲಾಕ್ ಮಾಡಿ, ಹೊಸ ಪ್ಯಾಕಿಂಗ್ ಇಟ್ಟು ಬಾಡಿ ಕೂರಿಸಿ, ಎರಡು ಬೋಲ್ಟ್ ಟೈಟ್ ಮಾಡಿ. 6 ಎಂಎಂ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಹತ್ರ ಸಾಕು, ಅಲ್ಯೂಮಿನಿಯಂ ಥ್ರೆಡ್ಡು, ಪೈಲ್ವಾನ್ ಗಿರಿ ಬೇಡ. ಇದಾದ ಮೇಲೇ ಸ್ಪ್ರಿಂಗ್ ಹಾಕೋದು ಅಥವಾ ಸ್ಕ್ರೂ ಬಿಡೋದು, ಆವಾಗ ಪ್ಲಂಜರ್ ಮುಂದೆ ಹೋಗೋದು ಕೈಗೆ ಕಿವಿಗೆ ಎರಡಕ್ಕೂ ಗೊತ್ತಾಗತ್ತೆ. ಹಿಂದಿನ ಬೋಲ್ಟ್ ಹಾಕಿ, ಕ್ರ್ಯಾಂಕನ್ನ ಕೈಯಲ್ಲೇ 2 ಪೂರ್ತಿ ಸುತ್ತು ತಿರುಗಿಸಿ ಮಾರ್ಕ್ ಮತ್ತೆ ನೋಡಿ. ಎಲ್ಲಾದ್ರೂ ಗಟ್ಟಿಯಾಗಿ ತಡೆದ್ರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ.

ಕೈಯಲ್ಲಿರೋ ಟೆನ್ಷನರ್ ಚೆನ್ನಾಗಿದ್ಯಾ ಇಲ್ವಾ ಹೇಗೆ ನೋಡೋದು?

ಪ್ಲಂಜರ್ ಹೊರಗೆ ಬಂದಿರೋವಾಗ ಹೆಬ್ಬೆರಳಲ್ಲಿ ಜೋರಾಗಿ ಒತ್ತಿ. ಹಲ್ಲಿನ ಟೈಪು ಒಂಚೂರೂ ಹಿಂದೆ ಹೋಗಬಾರದು. ಹೋದ್ರೆ ಹಲ್ಲು ಸವೆದಿದೆ, ಕಸಕ್ಕೆ ಹಾಕಿ. ಒಳಗೆ ಹೊರಗೆ ಮಾಡಿದಾಗ ಎಲ್ಲೂ ಸಿಕ್ಕಿಹಾಕ್ಕೊಬಾರದು. ಪ್ಲಂಜರ್ ತುದೀಲಿ ಗುಳಿ ಬಿದ್ದಿದ್ಯಾ ನೋಡಿ. ಇನ್ನೊಂದು ಮುಖ್ಯ ವಿಷಯ, ಬಿಚ್ಚಿದಾಗ ಪ್ಲಂಜರ್ ಎಷ್ಟು ಹೊರಗೆ ಬಂದಿತ್ತು ಅಂತ ನೋಡಬೇಕು, ಆದ್ರೆ ಬಿಚ್ಚೋವಾಗಲೇ ಅದು ಮುಂದೆ ಹಾರಿಬಿಡೋದ್ರಿಂದ ನೇರವಾಗಿ ಗೊತ್ತಾಗಲ್ಲ, ರೀಸೆಟ್ ಮಾಡಿ ಹಾಕೋವಾಗ ಎಷ್ಟು ಕಟ್ ಅಂತು ಅಂತ ಎಣಿಸಿ, ಒಟ್ಟು ಹಲ್ಲಿನ ಜೊತೆ ಹೋಲಿಸಿ. ಕೊನೇ ಹಲ್ಲಿಗೆ ಬಂದಿದ್ರೆ ಟೆನ್ಷನರ್‌ದೇನೂ ತಪ್ಪಿಲ್ಲ, ಚೈನೇ ಮುಗಿದಿದೆ.

ಹೊಸ ಟೆನ್ಷನರ್ ಹಾಕಿದೆ, ಸೌಂಡ್ ಹಾಗೇ ಇದೆ. ಈಗೇನು?

ಚೈನ್ ಅಳೀಬೇಕು, ಗೈಡ್ ನೋಡಬೇಕು. ಹೆಡ್ ಕವರ್ ತೆಗೆದು ಕ್ಯಾಮ್ ಸ್ಪ್ರಾಕೆಟ್ ಮುಂಭಾಗದಲ್ಲಿ ಚೈನನ್ನ ಬೆರಳಲ್ಲಿ ಎತ್ತಿ ನೋಡಿ, ಹಲ್ಲಿನಿಂದ ಎದ್ದು ಕೆಳಗೆ ಬೆಳಕು ಕಾಣತ್ತೆ ಅಂದ್ರೆ ಸವೆದಿದೆ. ಹೊರಗೆ ತೆಗೆದ ಚೈನನ್ನ ಎಳೆದು ಹಿಡಿದು ವರ್ನಿಯರಲ್ಲಿ 20 ಪಿಚ್ (ಒಂದು ಪಿನ್ನಿಂದ ಮುಂದಿನ ಪಿನ್ನಿಗಿರೋ ದೂರ ಒಂದು ಪಿಚ್) ಅಳೀರಿ. ಪಿಚ್ 6.35 ಮಿಲಿಮೀಟರ್ ಇರೋ ಚೈನಾದ್ರೆ ಹೊಸದು 127 ಮಿಲಿಮೀಟರ್ ಇರಬೇಕು, ಎಷ್ಟಾದ್ರೆ ಬಿಸಾಕಬೇಕು ಅನ್ನೋ ಲಿಮಿಟ್ ಮ್ಯಾನುವಲ್‌ನಲ್ಲಿರತ್ತೆ. ಒಂದೇ ಕಡೆ ಅಳೆದು ಸುಮ್ಮನಾಗಬೇಡಿ, ಮೂರು ನಾಲ್ಕು ಕಡೆ ನೋಡಿ. ಗೈಡ್ ಮೇಲೆ ಚೈನಿನ ಎರಡು ಗೆರೆ ಬಿದ್ದಿರೋದು ಮಾಮೂಲು, ಗೆರೆ ಆಳ ಆಗಿ ಕೆಳಗಿನ ಲೋಹ ಕಂಡ್ರೆ ಅಥವಾ ಬಿರುಕು ಬಿಟ್ಟಿದ್ರೆ ಬದಲಾಯಿಸಿ.

ಬರೀ ಚೈನ್ ಒಂದೇ ಬದಲಾಯಿಸಬಹುದಾ?

ಬದಲಾಯಿಸಬಹುದು, ಆದ್ರೆ ಅಷ್ಟೆಲ್ಲ ಬಿಚ್ಚಿ ಹಳೇ ಗೈಡ್ ವಾಪಸ್ ಹಾಕೋದು ಸ್ನಾನ ಮಾಡಿ ಕೊಳೆ ಬಟ್ಟೆ ಹಾಕ್ಕೊಂಡ ಹಾಗೆ. ಚೈನು, ಎರಡೂ ಗೈಡು, ಟೆನ್ಷನರ್ ಒಟ್ಟಿಗೆ ಹೋಗಲಿ. ಸ್ಪ್ರಾಕೆಟ್ ಹಲ್ಲು ಕೊಕ್ಕೆ ಥರ ಬಾಗಿದ್ರೆ ಅದೂ ಸೇರಿಸಿ. ಕೆಲವು ಇಂಜಿನ್‌ನಲ್ಲಿ ಕೆಳಗಿನ ಸ್ಪ್ರಾಕೆಟ್ ಕ್ರ್ಯಾಂಕಿನ ಜೊತೆಗೇ ಕೊರೆದಿರೋದು, ಅದು ಹೋದ್ರೆ ಕೆಲಸ ದೊಡ್ಡದು.

ಸಿಂಗಲ್ ಸಿಲಿಂಡರಲ್ಲಿ ಸಾಮಾನ್ಯವಾಗಿ ಮ್ಯಾಗ್ನೆಟ್ ಎಳೀಬೇಕಾಗತ್ತೆ, ಅದಕ್ಕೆ ಪುಲ್ಲರ್ ಬೇಕೇ ಬೇಕು, ಸುತ್ತಿಗೆ ಪೆಟ್ಟು ಬೇಡ. ಕ್ಯಾಮ್ ಸ್ಪ್ರಾಕೆಟ್ ಬಿಚ್ಚೋ ಮುಂಚೆ ಚೈನಿಗೆ ಒಂದು ತಂತಿ ಕಟ್ಟಿ ಮೇಲೆ ಸಿಕ್ಕಿಸಿ, ಇಲ್ಲಾಂದ್ರೆ ಸುಯ್ ಅಂತ ಕೆಳಗೆ ಬಿದ್ದು ಮೀನು ಹಿಡಿಯೋ ಕೆಲಸ ಆಗತ್ತೆ. ಟನಲ್ ಬಾಯಿಗೆ ಬಟ್ಟೆ ತುರುಕಿ, ಆಮೇಲೆ ತೆಗೆಯೋದು ಮರೀಬೇಡಿ. ಮಧ್ಯದಲ್ಲಿ ಚೈನ್ ಇರೋ ನಾಲ್ಕು ಸಿಲಿಂಡರ್ ಗಾಡಿಗೆ ಕ್ರ್ಯಾಂಕ್ ಕೇಸ್ ಬಿಚ್ಚೋದೇ ನೇರ ದಾರಿ, ಇಲ್ಲಾಂದ್ರೆ ಹಳೇ ಚೈನ್ ಕತ್ತರಿಸಿ ಅದರ ತುದಿಗೇ ಹೊಸದನ್ನ ಕಟ್ಟಿ ಒಳಗೆಳೆದು ರಿವೆಟ್ ಮಾಡ್ತಾರೆ. ರಿವೆಟ್ ಮಾಡಿ ಅಭ್ಯಾಸ ಇಲ್ಲದವರು ಮೊದಲ ಸಲ ಇದರ ಮೇಲೆ ಕೈ ಪಳಗಿಸೋದು ಬೇಡ.

ದಪ್ಪ ಆಯಿಲ್, ಆಡಿಟಿವ್, ಐಡ್ಲಿಂಗ್ ಜಾಸ್ತಿ ಮಾಡೋದು, ಸ್ಪ್ರಿಂಗ್ ಹಿಂದೆ ವಾಶರ್ ಹಾಕೋದು?

ಮೊದಲ ಮೂರೂ ಸೌಂಡನ್ನ ಮುಚ್ಚಿಡತ್ತೆ, ಸವೆತ ನಿಲ್ಲಿಸಲ್ಲ. ಆಡಿಟಿವ್‌ನಲ್ಲಿ ಜಾರಿಸೋ ಕೆಮಿಕಲ್ ಇದ್ರೆ ಆಯಿಲ್‌ನಲ್ಲೇ ಮುಳುಗಿರೋ ಕ್ಲಚ್ ಸ್ಲಿಪ್ ಆಗೋಕೆ ಶುರು, ಒಂದಕ್ಕೆ ಎರಡು ರಿಪೇರಿ. ಜಾಸೋ ಎಂಎ ಅಥವಾ ಎಂಎ2 (ಇಂಥ ಕ್ಲಚ್ಚಿಗೆ ಹೊಂದೋ ಆಯಿಲ್ ಅನ್ನೋ ಗುರುತು) ಅಂತ ಬರೆದಿರೋ, ಮ್ಯಾನುವಲ್ ಹೇಳಿರೋ ಗ್ರೇಡೇ ಹಾಕಿ. ವಾಶರ್ ಹಾಕಿದ್ರೆ ಸ್ಪ್ರಿಂಗ್ ಬಲ ಜಾಸ್ತಿ ಆಗಿ ಗೈಡ್ ಬೇಗ ಸವೆಯತ್ತೆ. ಹಾಗೆ ಮಾಡಿ ಸುಖವಾಗಿ ಓಡಿಸ್ತಿರೋರೂ ಇದಾರೆ, ನಾನಂತೂ ಮಾಡಲ್ಲ.

ಆಟೋಮ್ಯಾಟಿಕ್ ತೆಗೆದು ಮ್ಯಾನುವಲ್ (ಕೈಯಲ್ಲೇ ಅಡ್ಜಸ್ಟ್ ಮಾಡೋ) ಟೆನ್ಷನರ್ ಹಾಕಿದ್ರೆ?

ಸಿಕ್ಕಿಹಾಕ್ಕೊಳ್ಳೋ ಭಯ ಇಲ್ಲ, ಬರೀ ಬೋಲ್ಟು ಲಾಕ್ ನಟ್ಟು. ಆದ್ರೆ ಅಡ್ಜಸ್ಟ್ ಮಾಡೋ ಕಿವಿ ನಿಮಗಿರಬೇಕು, ನೆನಪಿಟ್ಟು ಆಗಾಗ ಮಾಡಬೇಕು. ಇಂಜಿನ್ ಐಡ್ಲಿಂಗಲ್ಲಿಟ್ಟು ಸೌಂಡ್ ಹೋಗೋವರೆಗೂ ಮೆಲ್ಲಗೆ ಒಳಗೆ ತಿರುಗಿಸಿ, ಒಂಚೂರು ವಾಪಸ್ ಬಿಟ್ಟು ಲಾಕ್ ಮಾಡೋದು, ಅದರ ಜೊತೆ ಬಂದ ಚೀಟೀಲಿ ಏನಿದ್ಯೋ ಅದನ್ನೇ ಪಾಲಿಸಿ. ಕುಂಯ್ ಅಂದ್ರೆ ಜಾಸ್ತಿ ಟೈಟು. ಒಂಚೂರು ಸಡಿಲ ಇರೋ ಚೈನಿಗಿಂತ ಬಿಗಿ ಚೈನೇ ಬೇಗ ಹಾಳು ಮಾಡತ್ತೆ.

ಸೌಂಡ್ ಇದ್ದೂ ಓಡಿಸಬಹುದಾ?

ಐಡ್ಲಿಂಗಲ್ಲಿ ಮೆಲ್ಲಗೆ ಬರ್ತಿದ್ರೆ, ಆಯಿಲ್ ಸರಿ ಇದ್ರೆ, ಮನೆಗೆ ಹೋಗಿ ರಿಪೇರಿಗೆ ಟೈಮ್ ಮಾಡ್ಕೊಳ್ಳೋವರೆಗೂ ತೊಂದರೆ ಇಲ್ಲ. ದೂರದ ಟ್ರಿಪ್ ಬೇಡ. ಆದ್ರೆ ಎಲ್ಲಾ ಆರ್‌ಪಿಎಂನಲ್ಲೂ ಬರ್ತಿದೆ, ಇದ್ದಕ್ಕಿದ್ದ ಹಾಗೆ ಜೋರಾಯ್ತು, ಪಿಕಪ್ ಬಿತ್ತು, ಸೈಲೆನ್ಸರಲ್ಲಿ ಪಟ್ ಪಟ್ ಶುರುವಾಯ್ತು, ಆಯಿಲ್‌ನಲ್ಲಿ ಪ್ಲಾಸ್ಟಿಕ್ ತುಂಡೋ ಹೊಳೆಯೋ ಪುಡಿಯೋ ಸಿಕ್ತು, ಇದರಲ್ಲಿ ಯಾವ್ದೇ ಒಂದಾದ್ರೂ ಅಲ್ಲೇ ಆಫ್ ಮಾಡಿ, ಸ್ಟಾರ್ಟ್ ಮಾಡಿ ಇನ್ನೊಬ್ಬರಿಗೆ ಕೇಳಿಸೋಕೂ ಹೋಗಬೇಡಿ.

ಎಲ್ಲಾ ಮಾಡಿದ್ಮೇಲೆ ಟೆನ್ಷನರ್ ಹತ್ರ ಆಯಿಲ್ ಜಿನುಗ್ತಿದೆ.

ಹಿಂದಿನ ಬೋಲ್ಟಿನ ವಾಶರ್ ಅಥವಾ ಓ ರಿಂಗ್. ಹಿಂದಿನ ಬೋಲ್ಟ್ ಮಾತ್ರ ತೆಗೆದು ಅದನ್ನ ಬದಲಾಯಿಸಿ, ಸ್ಪ್ರಿಂಗ್ ಅದರ ಹಿಂದೆಯೇ ಇರೋ ಟೈಪಾದ್ರೆ ಟಿಡಿಸಿಯಲ್ಲಿಟ್ಟೇ ತೆಗೀರಿ. ಪ್ಯಾಕಿಂಗ್ ಕಡೆಯಿಂದ ಜಿನುಗ್ತಿದ್ರೆ ಗೊತ್ತಲ್ಲ, ಎರಡು ಬೋಲ್ಟನ್ನ ಸ್ವಲ್ಪ ಸಡಿಲ ಮಾಡಿ ನೋಡೋಣ ಅಂತ ಹೋಗಬೇಡಿ, ಪೂರ್ತಿ ಬಿಚ್ಚಿ.